ಅಡುಗೆಮನೆಗೆ ಬಂದ ಬಿಯರ್ ನಲ್ಲಿ

ಚೆಕ್ ದೇಶದ ಸಾಜವಾ ನದಿಯ ದಂಡೆಯ ಆ ಸಣ್ಣ ಊರಿನ ಪಬ್ಬು ಬಾಗಿಲು ಹಾಕಿದ ದಿನ ಲುದ್ವಿಕ್ ಮನೆಗೆ ಬಂದವನು ಊಟಕ್ಕೂ ಏಳದೆ ಗೋಡೆ ನೋಡುತ್ತ ಕುಳಿತುಬಿಟ್ಟ. ಪಬ್ಬು ನಡೆಸುತ್ತಿದ್ದ ಮುದುಕನಿಗೆ ಮಂಡಿನೋವು, ಅವನ ಮಗಳಿಗೆ ಆ ಕಸುಬು ಬೇಡ, ಕೊಳ್ಳುತ್ತೇನೆಂದು ಯಾರೂ ಬರಲಿಲ್ಲ. ವಿಷಯ ಅಷ್ಟೇ. ಆದರೆ ಆಯುಷ್ಯವಿಡೀ ಬಸ್ಸು ಓಡಿಸಿ, ಸಂಜೆ ಡಿಪೋದಿಂದ ಹೊರಬಿದ್ದೊಡನೆ ಅದೇ ಬೆಂಚಿನ ಅದೇ ಮೂಲೆಯಲ್ಲಿ ಕೂತು ಎರಡು ಮಗ್ಗು ಬಿಯರ್ ಕುಡಿದು ಮನೆ ಸೇರುತ್ತಿದ್ದ ಮನುಷ್ಯನಿಗೆ ಅದು ಊರ ಚರ್ಚಿನ ಗೋಪುರ ಉರುಳಿದಷ್ಟು ದೊಡ್ಡ ಸಂಗತಿ.

ಹೆಂಡತಿ ಬೋಹ್ದಾನಾ ಪಾಪ ಅನ್ನಿಸಿ ಅಂಗಡಿಯಿಂದ ಬಾಟಲಿ ಬಿಯರ್ ತಂದಿಟ್ಟಳು. ಅವನು ಅರ್ಧ ಕುಡಿದು, ಉಳಿದದ್ದನ್ನು ಒಲೆಯ ಮೇಲೆ ಕುದಿಯುತ್ತಿದ್ದ ಗೂಲಾಶ್ ಎಂಬ ಮಾಂಸದ ಸಾರಿಗೆ ಸುರಿದ. ಬಾಟಲಿಯಲ್ಲಿ ಬರುವುದನ್ನು ಬಿಯರ್ ಎಂದು ಒಪ್ಪುವ ಜಾತಿಯವನೇ ಅಲ್ಲ ಅವನು. ಪೀಪಾಯಿಯಿಂದ ನಲ್ಲಿಗೆ ಬರಬೇಕು, ಮೇಲೆ ಮೂರು ಬೆರಳು ನೊರೆ ನಿಲ್ಲಬೇಕು, ಆ ನೊರೆ ಕೊನೆಯ ಗುಟುಕಿನವರೆಗೂ ಗಾಜಿಗೆ ಅಂಟಿಕೊಂಡಿರಬೇಕು.

ಮನೆಯಲ್ಲೇ ಒಂದು ನಲ್ಲಿ ಹಾಕಿಸಿಕೊಳ್ಳುವ ಆಲೋಚನೆ ಅವನ ತಲೆಗೆ ಹೊಕ್ಕಿದ್ದು ಹಾಗೆ. ಬೋಹ್ದಾನಾ ಮೂಗು ಮುರಿದಳು.

"ಪಬ್ಬಿಗಾದ್ರೂ ನೀನು ಎದ್ದು ನಡ್ಕೊಂಡು ಹೋಗ್ತಿದ್ದೆ. ಇನ್ಮೇಲೆ ಅದೂ ಇಲ್ಲ," ಎಂದಳು.

"ಪಬ್ಬೇ ಇಲ್ವಲ್ಲ ದಾನಾ. ಎಲ್ಲಿಗೆ ನಡೀಲಿ, ಸ್ಮಶಾನಕ್ಕಾ?"

"ಒಂದು ಪೀಪಾಯಿ ಅಂದ್ರೆ ನಮ್ಮ ಸ್ನಾನದ ತೊಟ್ಟಿ ಅರ್ಧ ತುಂಬತ್ತೆ. ಒಬ್ನೇ ಕುಡ್ದು ಮುಗಿಸ್ತೀಯಾ? ಎರಡು ದಿನಕ್ಕೆ ಹುಳಿ ಬಂದು, ಆಮೇಲೆ ಅದ್ರಲ್ಲಿ ನಾನು ತಲೆ ತೊಳ್ಕೊಬೇಕಾ?"

ಅವಳು ತಮಾಷೆಗೆ ಅಂದದ್ದಾದರೂ ಮಾತಿನಲ್ಲಿ ಹುರುಳಿತ್ತು. ಅಂಗಡಿಯಲ್ಲಿ ಎರಡು ಬಗೆಯ ಯಂತ್ರಗಳಿದ್ದವು. ಒಂದು, ಪಂಪಿನಿಂದ ಬರಿಯ ಗಾಳಿಯನ್ನೇ ಪೀಪಾಯಿಗೆ ತಳ್ಳುವಂಥದ್ದು. ಸುಲಭ, ಆದರೆ ಗಾಳಿ ತಾಕಿದ ಬಿಯರ್ ಬೇಗ ಕೆಡುತ್ತದೆ. ಹತ್ತು ಜನ ಸೇರಿ ಒಂದೆರಡು ದಿನದಲ್ಲಿ ಪೀಪಾಯಿ ಬರಿದು ಮಾಡುವವರಿಗೆ ಸರಿ. ಇನ್ನೊಂದಕ್ಕೆ ಪಬ್ಬಿನಲ್ಲಿರುವ ಹಾಗೆಯೇ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿದ ಸಿಲಿಂಡರ್. ಅದಾದರೆ ವಾರಗಟ್ಟಲೆ ಬಿಯರ್ ತಾಜಾ ಇರುತ್ತದೆ. ಒಬ್ಬನೇ ಕುಡಿಯುವವನಾದ್ದರಿಂದ ಲುದ್ವಿಕ್ ಎರಡನೆಯದನ್ನೇ ಆರಿಸಿದ. ಸಿಲಿಂಡರ್ ಇಡುವ ಜಾಗಕ್ಕೆ ಗಾಳಿಯಾಡಬೇಕು, ಅನಿಲ ಸೋರಿದರೆ ಕೂಗುವ ಪೆಟ್ಟಿಗೆಯೊಂದನ್ನು ಗೋಡೆಗೆ ಹಾಕಿಸಿಕೊಳ್ಳಿ ಎಂದು ಅಂಗಡಿಯ ಹುಡುಗಿ ಹೇಳಿದಳು. ಅವನು ಹೂಂ ಹೂಂ ಎಂದ. ಇಷ್ಟು ವರ್ಷ ಪಬ್ಬಿನಲ್ಲಿ ಕೂತಿದ್ದವನಿಗೆ ಇವಳೇನು ಹೇಳುವುದು ಅನ್ನಿಸಿತ್ತು. ಪೆಟ್ಟಿಗೆ ಕೊಳ್ಳಲಿಲ್ಲ.

ಜೋಡಿಸಿಕೊಟ್ಟವನು ಬೋಹ್ದಾನಾಳ ತಮ್ಮ ವೆಂದೆಲಿನ್. ಅವನ ಕೆಲಸವೇ ಮನೆಗಳಿಗೆ ಬಿಸಿನೀರಿನ ಕೊಳವೆ ಹಾಕುವುದು. ಪೀಪಾಯಿಯನ್ನೂ ಸಿಲಿಂಡರನ್ನೂ ನೆಲಮಾಳಿಗೆಯಲ್ಲಿ ಆಲೂಗಡ್ಡೆ ರಾಶಿಯ ಪಕ್ಕ ನಿಲ್ಲಿಸಿ, ಕೊಳವೆಯನ್ನು ನೆಲ ಕೊರೆದು ಮೇಲೆ ಅಡುಗೆಮನೆಗೆ ತಂದು, ಹಿತ್ತಾಳೆಯ ನಲ್ಲಿ ಕೂರಿಸಿದ. ಮೊದಲ ಮಗ್ಗು ತುಂಬಿದಾಗ ಲುದ್ವಿಕನ ಮುಖ ನೋಡಿ ಬೋಹ್ದಾನಾಳಿಗೂ ನಗು ತಡೆಯಲಾಗಲಿಲ್ಲ. ನಮ್ಮ ಮದುವೆ ದಿನವೂ ಇಷ್ಟು ಹಿಗ್ಗಿರಲಿಲ್ಲ ಇವನು ಎಂದು ತಮ್ಮನಿಗೆ ಹೇಳಿದಳು.

ಒಬ್ಬನೇ ಕುಡಿಯುವ ಲೆಕ್ಕಾಚಾರ ಮಾತ್ರ ಮೊದಲ ವಾರವೇ ತಲೆಕೆಳಗಾಯಿತು. ಪಕ್ಕದ ಮನೆಯ ಒತ್ಮಾರ್ ಬೇಲಿಯ ಮೇಲಿಂದ ಕತ್ತು ಚಾಚಿದ. ಆಮೇಲೆ ಪಬ್ಬಿನ ಹಳೆಯ ಬೆಂಚಿನವರು ಒಬ್ಬೊಬ್ಬರಾಗಿ ಬಂದರು; ಒಬ್ಬ ಹೊಗೆಯಾಡಿಸಿದ ಮಾಂಸ ತಂದ, ಇನ್ನೊಬ್ಬ ಇಸ್ಪೀಟು ಕಟ್ಟು ತಂದ. ಬೇಸಿಗೆಯ ಸಂಜೆ ಅಂಗಳದ ಪ್ಲಮ್ ಮರದ ಕೆಳಗೆ ಮೇಜು ಬಿತ್ತು. ಅಡುಗೆಮನೆಯ ನೆಲವೆಲ್ಲ ಅಂಟಂಟಾಗುತ್ತದೆ ಎಂದು ಬೋಹ್ದಾನಾ ಗೊಣಗುತ್ತಿದ್ದಳು. ಆದರೆ ಯಾರೂ ಬಾರದ ದಿನ ಎರಡು ಸಲ ಗೇಟಿನ ಕಡೆ ನೋಡುತ್ತಿದ್ದಳು. ಎಲ್ಲರಿಗಿಂತ ಖುಷಿ ಅವರ ನಾಯಿ ಅಜೋರನಿಗೆ. ಕಿವಿ ನೆಲಕ್ಕೆ ತಾಕುವಷ್ಟು ಕುಳ್ಳಗಿನ ಆ ಮುದಿ ನಾಯಿ ಮೇಜಿನ ಅಡಿಯಲ್ಲಿ ಮಲಗಿ, ಬೀಳುವ ಮಾಂಸದ ಚೂರಿಗೆ ಕಾಯುತ್ತಿತ್ತು.

ಜುಲೈ ತಿಂಗಳಲ್ಲಿ ಸೆಕೆ ವಿಪರೀತವಾಯಿತು. ನೆಲಮಾಳಿಗೆಯೂ ಬೆಚ್ಚಗಾಗಿ ನಲ್ಲಿಯಲ್ಲಿ ಬಿಯರಿಗಿಂತ ನೊರೆಯೇ ಹೆಚ್ಚು ಬರತೊಡಗಿತು. ಬೀದಿಯ ಮಟ್ಟಕ್ಕಿದ್ದ ಒಂದು ಪುಟ್ಟ ಕಿಟಕಿಯಿಂದಲೇ ಬಿಸಿಗಾಳಿ ಒಳಗೆ ನುಗ್ಗುತ್ತಿದೆ ಎಂದು ಲುದ್ವಿಕನಿಗೆ ಅನ್ನಿಸಿತು. ಅಟ್ಟದ ಮೇಲಿದ್ದ ಅತ್ತೆಯ ಕಾಲದ ಗರಿಯ ರಜಾಯಿಯನ್ನು ತಂದು ಆ ಕಿಟಕಿಗೆ ಬಿಗಿಯಾಗಿ ತುರುಕಿದ. ಮೆಟ್ಟಿಲ ಬಾಗಿಲನ್ನೂ ಸದಾ ಮುಚ್ಚಿರಬೇಕೆಂದು ತಾಕೀತು ಮಾಡಿದ. ಮಾರನೆಯ ದಿನ ಬಿಯರ್ ತಣ್ಣಗೆ ಬಂತು. ತನ್ನ ಜಾಣತನಕ್ಕೆ ತಾನೇ ಬೀಗಿದ.

ಆ ಭಾನುವಾರ ಮಧ್ಯಾಹ್ನ ವೆಂದೆಲಿನ್ ಊಟಕ್ಕೆ ಬಂದಿದ್ದ. ಒಲೆಯಲ್ಲಿ ಬಾತುಕೋಳಿ ಬೇಯುತ್ತಿತ್ತು, ಹಿಟ್ಟಿನ ಕಡುಬು ಹಬೆಯಲ್ಲಿತ್ತು. ಲುದ್ವಿಕ್ ಭಾವಮೈದುನನಿಗೆ ಮಗ್ಗು ತುಂಬಲು ನಲ್ಲಿ ತಿರುಗಿಸಿದ. ಒಂದು ಸಲ ಕೆಮ್ಮಿದ ಹಾಗೆ ಸದ್ದು ಮಾಡಿ, ಸ್ವಲ್ಪ ನೊರೆ ಉಗುಳಿ, ನಲ್ಲಿ ನಿಂತುಹೋಯಿತು.

ಅನಿಲ ಮುಗಿದಿರಬೇಕು ಎಂದ ವೆಂದೆಲಿನ್. ಸಿಲಿಂಡರ್ ತುಂಬಿಸಿಕೊಂಡು ಬಂದು ಇನ್ನೂ ಎರಡು ದಿನವಾಗಿಲ್ಲ, ಅದು ಹೇಗೆ ಮುಗಿಯುತ್ತದೆ ಎಂದು ಲುದ್ವಿಕ್ ರೇಗಿದ. ಮೋಸ ಮಾಡಿ ಅರ್ಧ ತುಂಬಿದ್ದಾರೆ ಎಂದು ಬೈಯುತ್ತ ನಲ್ಲಿಯನ್ನು ಬಿಚ್ಚಿ ನೋಡತೊಡಗಿದ. ಅನಿಲ ಹೋಗಿದ್ದೆಲ್ಲಿಗೆ ಎಂಬ ಪ್ರಶ್ನೆ ಇಬ್ಬರಿಗೂ ಹೊಳೆಯಲಿಲ್ಲ.

ಆ ಹೊತ್ತಿಗೆ ಬೋಹ್ದಾನಾ ಉಪ್ಪುನೀರಿನಲ್ಲಿ ಹಾಕಿಟ್ಟ ಸೌತೆಕಾಯಿ ತರಲು ನೆಲಮಾಳಿಗೆಯ ಬಾಗಿಲು ತೆರೆದಿದ್ದಳು. ಅವಳ ಕಾಲಸಂದಿಯಿಂದ ಅಜೋರ್ ಮುಂದೆ ಓಡಿತು. ಅವಳು ಅದನ್ನು ಹೆಸರು ಹಿಡಿದು ಕರೆದದ್ದು ಲುದ್ವಿಕನಿಗೆ ಕೇಳಿಸಿತು. ಮತ್ತೊಮ್ಮೆ ಕರೆದಳು, ಈ ಸಲ ದನಿಯಲ್ಲಿ ಗಾಬರಿಯಿತ್ತು. ಆಮೇಲೆ ಗಾಜಿನ ಜಾಡಿ ಒಡೆದ ಸದ್ದು.

"ಏನಾಯ್ತು ದಾನಾ?" ಎಂದು ಕೂಗಿದ. ಉತ್ತರ ಬರಲಿಲ್ಲ.

ಮೆಟ್ಟಿಲ ತಲೆಗೆ ಬಂದು ಬಗ್ಗಿ ನೋಡಿದ. ಕೆಳಗೆ ದೀಪ ಉರಿಯುತ್ತಿತ್ತು. ಅಜೋರ್ ಪಕ್ಕಕ್ಕೆ ವಾಲಿ ಮಲಗಿತ್ತು, ಅದರ ಮೇಲೆ ಕೈಯಿಟ್ಟು, ಎತ್ತಿಕೊಳ್ಳಲು ಬಗ್ಗಿದ ಭಂಗಿಯಲ್ಲೇ ಬೋಹ್ದಾನಾ ಕುಸಿದು ಕೂತಿದ್ದಳು. ತಲೆ ಮೊಣಕಾಲ ಮೇಲೆ ಬಿದ್ದಿತ್ತು.

ಜಾರಿ ಬಿದ್ದಳು ಅಂದುಕೊಂಡು ಅವನು ದಡದಡನೆ ಇಳಿದ. ಕೊನೆಯ ಮೆಟ್ಟಿಲಲ್ಲಿ ಬಗ್ಗಿ ಅವಳ ಭುಜ ಹಿಡಿದಾಗ ಮೂಗಿನೊಳಗೆ ಚುರ್ ಎಂದಿತು, ಸೋಡಾ ಮೂಗಿಗೇರಿದ ಹಾಗೆ. ವಾಸನೆ ಏನೂ ಇಲ್ಲ. ಮರುಕ್ಷಣ ಕಾಲಿನ ಶಕ್ತಿಯನ್ನು ಯಾರೋ ಕೆಳಗಿನಿಂದ ಹೀರಿಕೊಂಡಂತಾಯಿತು; ಗೋಡೆ, ದೀಪ, ಪೀಪಾಯಿ ಎಲ್ಲ ಓಲಾಡಿದವು. ಕಿಟಕಿಗೆ ತುರುಕಿದ್ದ ರಜಾಯಿ ಅವನ ಕಣ್ಣಿಗೆ ಬಿತ್ತು. ಆಗ ಅವನಿಗೆ ಎಲ್ಲವೂ ಗೊತ್ತಾಯಿತು.

ಬಾಯಿ ಮುಚ್ಚಿ ಉಸಿರು ಬಿಗಿಹಿಡಿದ. ಅವಳ ಕಂಕುಳಿಗೆ ಕೈ ಹಾಕಿ ಹಿಮ್ಮೊಗವಾಗಿ ಮೆಟ್ಟಿಲ ಮೇಲೆ ಎಳೆದ. ತನ್ನ ಪಾಡಿಗೆ ತಾನು ತೂಗುವ, ಯಾವ ಸಹಾಯವನ್ನೂ ಮಾಡದ ಮೈ ಎಷ್ಟು ಭಾರವಿರುತ್ತದೆಂದು ಅವನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅವಳ ಹಿಮ್ಮಡಿ ಒಂದೊಂದು ಮೆಟ್ಟಿಲಿಗೂ ಟಕ್ ಟಕ್ ಎಂದು ಬಡಿಯುತ್ತಿತ್ತು. ಅರ್ಧ ಏರುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಮೇಲಿನಿಂದ ವೆಂದೆಲಿನ್ ಬಗ್ಗಿ ಅವನ ಅಂಗಿಯ ಕಾಲರನ್ನೂ ಅಕ್ಕನ ತೋಳನ್ನೂ ಒಟ್ಟಿಗೆ ಹಿಡಿದು ಜಗ್ಗಿದ.

ಇಬ್ಬರೂ ಸೇರಿ ಅವಳನ್ನು ಅಂಗಳಕ್ಕೆ ಹೊತ್ತು ತಂದು ಹುಲ್ಲಿನ ಮೇಲೆ ಮಲಗಿಸಿದರು. ವೆಂದೆಲಿನ್ ಆಂಬುಲೆನ್ಸಿಗೆ ಫೋನು ಮಾಡಿದ. ಲುದ್ವಿಕ್ ಅವಳ ಕೆನ್ನೆ ತಟ್ಟುತ್ತಿದ್ದ. ತುಟಿ ಬೂದುಬಣ್ಣಕ್ಕೆ ತಿರುಗಿತ್ತು. ಅವಳ ಎದೆ ಒಮ್ಮೆ ಏರಿ ಇಳಿಯಿತು, ಬಾವಿಯಿಂದ ಮೇಲೆ ಬಂದವರ ಹಾಗೆ ಗಾಳಿ ಎಳೆದುಕೊಂಡಳು. ಆಮೇಲೆ ಕೆಮ್ಮಿದಳು, ವಾಂತಿ ಮಾಡಿಕೊಂಡಳು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು ನಾಯಿಯನ್ನು.

ಲುದ್ವಿಕ್ ಎದ್ದು ಒಳಗೆ ನುಗ್ಗಲು ಹೊರಟ. ವೆಂದೆಲಿನ್ ಅವನನ್ನು ಬಾಗಿಲಲ್ಲಿ ಅಪ್ಪಿ ಹಿಡಿದುಕೊಂಡ.

"ಬಿಡು, ಅದು ಕೆಳಗಿದೆ."

"ಭಾವ, ಈಗ ಇಳಿದ್ರೆ ನೀನೂ ಅದರ ಪಕ್ಕದಲ್ಲೇ ಮಲಗ್ತೀಯ. ಅಕ್ಕನ ಮುಖ ನೋಡು. ಇಲ್ಲೇ ಕೂತ್ಕೋ."

ಅವನು ಹೊಸ್ತಿಲ ಮೇಲೆಯೇ ಕುಸಿದು ಕೂತ.

ಆಂಬುಲೆನ್ಸಿನ ಹಿಂದೆಯೇ ಅಗ್ನಿಶಾಮಕದವರು ಬಂದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮುಖವಾಡ ಹಾಕಿಕೊಂಡು ಕೆಳಗಿಳಿದವನು ಅಜೋರನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಪ್ಲಮ್ ಮರದ ಕೆಳಗೆ ಮೆಲ್ಲನೆ ಇಟ್ಟ. ಸಿಲಿಂಡರಿನ ಕೊಳವೆಯನ್ನು ಬಿಗಿದಿದ್ದ ಒಂದು ಹಳೆಯ ಪಟ್ಟಿ ಸಡಿಲವಾಗಿ ಅನಿಲವೆಲ್ಲ ಸೋರಿತ್ತು. ಅದು ಗಾಳಿಗಿಂತ ಭಾರ, ಕೆಳಗೆ ನೀರಿನ ಹಾಗೆ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಕುಳ್ಳಗಿನ ನಾಯಿ ಮೊದಲು ಮುಳುಗಿತು, ನಿಮ್ಮ ಹೆಂಡತಿ ಬಗ್ಗಿದ್ದಕ್ಕೆ ಮುಳುಗಿದರು ಎಂದು ಅವರ ನಾಯಕ ಸಾವಧಾನವಾಗಿ ವಿವರಿಸಿದ. ಆಮೇಲೆ ಆ ಕಿಟಕಿ ಮುಚ್ಚಿದ್ದು ಯಾರು ಎಂದು ಕೇಳಿದ.

"ನಾನೇ," ಎಂದ ಲುದ್ವಿಕ್.

ನಾಯಕ ತಲೆಯಾಡಿಸಿ ಅದನ್ನು ಬರೆದುಕೊಂಡ. ಬೈದಿದ್ದರೆ ಚೆನ್ನಾಗಿತ್ತು ಎಂದು ಲುದ್ವಿಕನಿಗೆ ಅನ್ನಿಸಿತು.

ಬೋಹ್ದಾನಾಳನ್ನು ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಕಳಿಸಿದರು. ತಲೆನೋವು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಅಜೋರನನ್ನು ಹೂಳಲು ಗುಂಡಿ ತೋಡುತ್ತಿದ್ದಾಗ ವೆಂದೆಲಿನ್ ಸಲಿಕೆ ನಿಲ್ಲಿಸಿ, ತಲೆ ಎತ್ತದೆ ಹೇಳಿದ: "ಆ ಪಟ್ಟಿ ಹಳೇದು ಭಾವ. ನನ್ನ ಡಬ್ಬೀಲಿತ್ತು, ಸಾಕು ಬಿಡು ಅಂತ ಹಾಕ್ಬಿಟ್ಟೆ."

"ಕಿಟಕಿ ನಾನು ಮುಚ್ಚಿದ್ದು. ತೋಡು," ಎಂದ ಲುದ್ವಿಕ್. ಆ ವಿಷಯ ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ.

ಬೆಚ್ಚಿದ್ದು ಮಾತ್ರ ಅವನ ಮೈಯಿಂದ ಇಳಿಯಲಿಲ್ಲ. ಊಟದ ನಡುವೆ ಚಮಚ ಹಿಡಿದು ಹಾಗೇ ಕೂತುಬಿಡುತ್ತಿದ್ದ. ಹಿಮ್ಮಡಿ ಮೆಟ್ಟಿಲಿಗೆ ಬಡಿಯುವ ಸದ್ದು ಬಸ್ಸಿನ ಬಾಗಿಲು ಮುಚ್ಚಿದಾಗಲೂ ಕೇಳುತ್ತಿತ್ತು. ಅಡುಗೆಮನೆಯ ನಲ್ಲಿಯ ಕಡೆಗೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹೀಗಿರುವಾಗ ಒಂದು ಸಂಜೆ ಒತ್ಮಾರ್ ಬೇಲಿಯ ಹತ್ತಿರ ಬಂದು, ಕ್ಷೇಮಸಮಾಚಾರವೆಲ್ಲ ಕೇಳಿ, ಆಮೇಲೆ ಸಂಕೋಚದಿಂದ ಕೆಮ್ಮಿದ.

"ತಪ್ಪು ತಿಳ್ಕೋಬೇಡ ಲುದ್ವಿಕ್. ನನ್ನ ಅಳಿಯನೂ ಒಂದು ತಗೊಳ್ಬೇಕು ಅಂತಿದಾನೆ. ಆಗಿದ್ದು ಆಯ್ತು, ಅದನ್ನ ಬಿಟ್ಟು ನೋಡಿದ್ರೆ, ತಗೊಳೋ ಹಾಗಿದ್ಯಾ ಅದು?"

ಲುದ್ವಿಕ್ ಅವನನ್ನೇ ದಿಟ್ಟಿಸಿದ. ಅದನ್ನು ಬಿಟ್ಟು ನೋಡುವುದು ಹೇಗೆ ಎಂಬುದೇ ಅವನಿಗೆ ತಿಳಿಯಲಿಲ್ಲ. ಕೊನೆಗೆ ಒತ್ಮಾರನ ತೋಳು ಹಿಡಿದು ಕರೆದುಕೊಂಡು ಹೋಗಿ ಆ ಪುಟ್ಟ ಕಿಟಕಿಯ ಮುಂದೆ ನಿಲ್ಲಿಸಿದ. ಚೌಕಟ್ಟಿನ ಮೊಳೆಗೆ ರಜಾಯಿಯ ಎರಡು ಗರಿ ಇನ್ನೂ ಸಿಕ್ಕಿಕೊಂಡಿದ್ದವು. ಒತ್ಮಾರ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮಾರನೆಯ ದಿನ ಲುದ್ವಿಕ್ ಎಲ್ಲವನ್ನೂ ಬಿಚ್ಚಿ ಗುಜರಿಗೆ ಸಾಗಿಸಲು ಗಾಡಿ ತಂದ. ಸಿಲಿಂಡರ್ ಹೋಗಲಿ ಎಂದಳು ಬೋಹ್ದಾನಾ. ನಲ್ಲಿ ಮಾತ್ರ ಇಳಿಸಿಡು ಎಂದಳು. ಅವನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ತಗೊಳ್ಳಬೇಡ ಎಂದವಳು ಇವಳೇ, ಅದರಿಂದ ಸಾಯಲಿದ್ದವಳೂ ಇವಳೇ.

"ಗಾಳಿ ಪಂಪಿಂದು ಇತ್ತಲ್ಲ, ಅದನ್ನ ತಗೊಂಬಾ. ಅಂಗಳದಲ್ಲಿ, ಸೂರಿನ ಕೆಳಗಿಡು," ಎಂದಳು.

"ಅದ್ರಲ್ಲಿ ಎರಡು ದಿನಕ್ಕೆ ಕೆಡತ್ತೆ. ನೀನೇ ಹೇಳಿದ್ದಲ್ವಾ."

"ಕೆಡೋದ್ರೊಳ್ಗೆ ಜನ ಬರ್ಲಿ. ಇಷ್ಟು ವರ್ಷ ನೀನು ಪಬ್ಬಲ್ಲಿ ಕೂತಿರ್ತಿದ್ದೆ, ಭಾನುವಾರ ಸಂಜೆ ನಾನು ಇಲ್ಲಿ ಒಬ್ಳೇ ಬಟ್ಟೆ ಮಡಚ್ತಿದ್ದೆ. ಈ ಬೇಸಿಗೇಲಿ ಹಾಗಿರ್ಲಿಲ್ಲ ಲುದ್ವಿಕ್. ನಾಯಿ ಹೋಯ್ತು. ಅದೂ ಹೋಗೋದು ಬೇಡ."

ಅವನು ತಂದ. ಶನಿವಾರಗಳಂದು ಪೀಪಾಯಿ ತೆರೆಯುತ್ತಾರೆ, ಒತ್ಮಾರನ ಅಳಿಯನೂ ಸೇರಿ ಹತ್ತಾರು ಜನ ಬರುತ್ತಾರೆ, ಭಾನುವಾರ ಸಂಜೆಯೊಳಗೆ ಮುಗಿಯುತ್ತದೆ. ಲುದ್ವಿಕ್ ಎಲ್ಲರಿಗೂ ತುಂಬಿಸಿ ಕೊಡುತ್ತಾನೆ. ತಾನು ಒಂದು ಮಗ್ಗಿನ ಮೇಲೆ ಕುಡಿಯುವುದಿಲ್ಲ.

ನೆಲಮಾಳಿಗೆಯ ಬಾಗಿಲನ್ನು ಅವನು ಕೀಲುಸಮೇತ ಕಿತ್ತುಹಾಕಿದ್ದಾನೆ. ಕೆಳಗೆ ಈಗ ಆಲೂಗಡ್ಡೆ, ಈರುಳ್ಳಿ, ಉಪ್ಪಿನಕಾಯಿ ಜಾಡಿ ಬಿಟ್ಟರೆ ಏನೂ ಇಲ್ಲ. ಆದರೂ ಬೋಹ್ದಾನಾ ಇಳಿದಾಗಲೆಲ್ಲ ಅವನು ಇದ್ದಲ್ಲಿಂದ ಎದ್ದು ಬಂದು ಮೆಟ್ಟಿಲ ತಲೆಯಲ್ಲಿ ನಿಲ್ಲುತ್ತಾನೆ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಈಗ ಇಳಿಯುವಾಗಿನಿಂದ ಏರುವತನಕ ಜೋರಾಗಿ ಮಾತಾಡುತ್ತಲೇ ಇರುತ್ತಾಳೆ: ಆಲೂಗಡ್ಡೆ ಮೊಳಕೆ ಬಂದಿದೆ, ಈ ಜಾಡಿಯ ಮುಚ್ಚಳ ಯಾರು ಸಡಿಲ ಬಿಟ್ಟರು, ಜೇಡ ಎಷ್ಟು ದೊಡ್ಡದಿದೆ ನೋಡು. ಅವನಿಗೆ ಆ ಮಾತುಗಳ ಅರ್ಥ ಬೇಕಿಲ್ಲ, ದನಿ ಸಾಕು. ಎಲ್ಲಾದರೂ ನಡುವೆ ಅದು ಒಂದು ಗಳಿಗೆ ನಿಂತರೆ ಅವನ ಕಾಲು ತಾನಾಗಿ ಒಂದು ಮೆಟ್ಟಿಲು ಇಳಿದಿರುತ್ತದೆ.

"ಈರುಳ್ಳಿ ಆರಿಸ್ತಿದೀನಿ ಮಾರಾಯ," ಎಂದು ಕೆಳಗಿನಿಂದ ಅವಳು ಹೇಳುತ್ತಾಳೆ. "ಅಲ್ಲೇ ನಿಂತಿರು."

ಅವನು ಅಲ್ಲೇ ನಿಂತಿರುತ್ತಾನೆ.