ಭಾವ ಕೊಂಡ ಲೇತು

ಕಾರ್ಖಾನೆ ಮುಚ್ಚಿ ನಾಲ್ಕು ತಿಂಗಳಾದ ಮೇಲೆ ಹಳೆಯ ಯಂತ್ರಗಳನ್ನು ಮಾರಾಟಕ್ಕಿಟ್ಟರು. ಮೂರನೆಯ ಸಾಲಿನಲ್ಲಿ ಲೋಹ ಕಡೆಯುವ ಲೇತಿನ ಮುಂದೆ, ಅದನ್ನು ನಡೆಸುವ ಟರ್ನರ್ ಇಪ್ಪತ್ತೆರಡು ವರ್ಷ ನಿಂತಿದ್ದ. ಅದನ್ನು ಕೊಳ್ಳಲು ಹೊರಟವರು ಬೇರೆ ಯಾರೂ ಅಲ್ಲ, ಅವನ ಅಕ್ಕನ ಗಂಡ.

ಭಾವ ಹಲ್ಲಿನ ಡಾಕ್ಟರು. ರಜಾದಿನ ಬಂತೆಂದರೆ ಕಾರಿನ ಶೆಡ್ಡಿನಲ್ಲಿ ಕೂತು ಅಂಗೈಯಗಲದ ಉಗಿಯಂತ್ರ ಮಾಡುವ ಹುಚ್ಚು ಅವರಿಗೆ.

"ಒಂದ್ಸಲ ಬಂದು ನೋಡಿಬಿಡಪ್ಪ. ನಿನ್ನ ಕೈಯಲ್ಲಿ ಪಳಗಿದ ಮಿಷಿನ್ನು, ಅದರ ಹುಳುಕೆಲ್ಲ ನಿನಗೇ ಗೊತ್ತಿರತ್ತೆ," ಎಂದರು.

ಟರ್ನರ್ ಹೋದ. ತೋರಿಸಲೆಂದು ಅದೊಂದು ಸಾಲಿಗೆ ಮಾತ್ರ ಕರೆಂಟು ಕೊಟ್ಟಿದ್ದರು. ಅವನು ಲೇತಿನ ಹಳಿಯ ಮೇಲೆ ಬೆರಳಾಡಿಸಿದ. "ಇಲ್ಲಿ ಸವೆದಿದೆ ಭಾವ. ಉದ್ದದ ಕೆಲಸ ಹಾಕಿದ್ರೆ ಕೂದಲೆಳೆಯಷ್ಟು ಓರೆ ಬರತ್ತೆ." ಹಿಡಿಕೆ ತಿರುಗಿಸಿ, ಕಾಲು ಸುತ್ತು ಸಡಿಲವಿದೆ ಎಂದೂ ತೋರಿಸಿದ.

ಹೇಳಲು ಇನ್ನೊಂದು ಉಳಿದಿತ್ತು. ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್ಕನ್ನು ನಿಲ್ಲಿಸುವ ಲಿವರಿನ ಕೊಕ್ಕೆ ಸವೆದಿತ್ತು. ಮೋಟರು ಓಡುತ್ತಿದ್ದಾಗ ಸ್ವಲ್ಪ ಅದುರಿದರೂ ಲಿವರ್ ತಾನಾಗಿ ಕೆಳಗೆ ಬಿದ್ದು ಚಕ್ಕು ಮತ್ತೆ ತಿರುಗಿಬಿಡುತ್ತಿತ್ತು. ಮೋಟರನ್ನೇ ಆರಿಸದೆ ಟರ್ನರ್ ಎಂದೂ ಚಕ್ಕಿನೊಳಗೆ ಬೆರಳಿಟ್ಟವನಲ್ಲ.

ಅವನು ಬಾಯಿ ತೆರೆಯುವಷ್ಟರಲ್ಲಿ ಭಾವ ಯಂತ್ರ ಮಾರಿಸುತ್ತಿದ್ದ ದಲ್ಲಾಳಿಯ ಹೆಗಲು ತಟ್ಟಿ ನಕ್ಕರು. "ನಮ್ಮ ಭಾವಮೈದ ಹೊಟ್ಟೆಪಾಡಿಗೆ ಮಾಡಿದೋನು. ಸಾವಿರ ಪೀಸು ತಳ್ಳೋ ಅವಸರ ಅವನಿಗೆ. ಪಾಪದ ಮಿಷಿನ್ನಿಗೆ ಪ್ರೀತಿ ಅಂದ್ರೇನು ಅಂತ ಇನ್ಮೇಲೆ ಗೊತ್ತಾಗತ್ತೆ."

ದಲ್ಲಾಳಿಯೂ ನಕ್ಕ. ಟರ್ನರ್ ಕೈ ಒರೆಸಿಕೊಂಡ. ಕೂರಿಸುವಾಗ ಹೇಳಿದರಾಯಿತು ಅಂದುಕೊಂಡ.

ಶೆಡ್ಡಿನಲ್ಲಿ ಲೇತು ಕೂರಿಸಿದ ದಿನ ಭಾವ ತಾವು ಮೊದಲೇ ಮಾಡಿದ್ದ ಉಗಿಯಂತ್ರದ ಹಿತ್ತಾಳೆಯ ಸಿಲಿಂಡರನ್ನು ಅವನ ಕೈಗಿಟ್ಟರು. ಹೆಬ್ಬೆರಳಿನಷ್ಟಿದ್ದ ಅದಕ್ಕೆ ಒಂದು ತಿಂಗಳು ಹಿಡಿದಿತ್ತಂತೆ. ಮುಖ ಕಾಣುವಷ್ಟು ಹೊಳಪು. ಅಂಥ ಕೆಲಸವನ್ನು ಟರ್ನರ್ ಮಾಡಿರಲಿಲ್ಲ. ಅವನಿಂದ ಯಾರೂ ಅದನ್ನು ಕೇಳಿರಲಿಲ್ಲ.

"ಹೇಗಿದೆ?"

"ಚೆನ್ನಾಗಿದೆ," ಎಂದ. ಕಾಲುಗಳಿಗೆ ತಗಡು ಕೊಟ್ಟು ಲೇತನ್ನು ಮಟ್ಟ ಮಾಡಿದ, ಅಕ್ಕ ತಂದ ಚಹಾ ಕುಡಿದು ಹೊರಟ. 'ಲಿವರ್ ನಂಬಬೇಡಿ, ಮೋಟರೇ ಆರಿಸಿ.' ಹೇಳಬೇಕಿದ್ದದ್ದು ಅಷ್ಟೇ ಮಾತು, ಹೇಳಲಿಲ್ಲ. ಮರೆತನೋ, ಬೇಕೆಂದೇ ನುಂಗಿಕೊಂಡನೋ, ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಅವನಿಗೇ ತಿಳಿಯಲಿಲ್ಲ.

ಮೂರನೆಯ ವಾರ, ರಜಾದಿನ ಬೆಳಗ್ಗೆ ಹತ್ತಕ್ಕೆ ಅಕ್ಕನ ಫೋನು ಬಂತು. "ಅವರ ಕೈ ಕಣೋ... ಬಲಗೈ..."

ಚಕ್ಕಿನಲ್ಲಿದ್ದ ತುಂಡಿನ ಬಾಯನ್ನು ಭಾವ ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಚಕ್ಕು ನಿಂತಿತ್ತು, ಮೋಟರು ಓಡುತ್ತಿತ್ತು. ಲಿವರ್ ಬಿತ್ತು. ಹೆಬ್ಬೆರಳು ಮತ್ತು ಪಕ್ಕದೆರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ಭಾವನ ಮುಖ ಸುಣ್ಣದಂತಾಗಿತ್ತು. ಬ್ಯಾಂಡೇಜು ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟಿದ್ದರು. "ನಾನು ಲಿವರ್ ಮುಟ್ಟೇ ಇರ್ಲಿಲ್ಲ. ತಾನಾಗೇ ಬಿತ್ತು. ಹಂಗಾಗತ್ತೇನೋ?"

ಇಲ್ಲ ಎನ್ನಬಹುದಿತ್ತು. ಅದನ್ನು ಸುಳ್ಳೆನ್ನಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

"ಆಗತ್ತೆ," ಎಂದ ಟರ್ನರ್. "ನಂಗೊತ್ತಿತ್ತು."

"ಯಾವಾಗಿಂದ?"

"ಆರು ವರ್ಷದಿಂದ."

ಹೊದಿಕೆ ಮಡಚುತ್ತಿದ್ದ ಅಕ್ಕ ಅಲ್ಲೇ ನಿಂತಳು. ಅವಳು ಕೂಗಾಡಲಿಲ್ಲ. "ಗೊತ್ತಿತ್ತು ಅಂತ ಇವತ್ತು ಹೇಳ್ತಿದೀಯಲ್ಲೋ. ಅವತ್ತು ಬಾಯಲ್ಲಿ ಏನಿಟ್ಕೊಂಡಿದ್ದೆ?"

ದಲ್ಲಾಳಿಯ ಎದುರಿನ ಆ ನಗುವನ್ನು ಹೇಳೋಣವೆಂದುಕೊಂಡ. ಸುತ್ತಿದ ಆ ಕೈಯ ಎದುರು ಅದು ಮಾತೇ ಅನ್ನಿಸಲಿಲ್ಲ.

"ನೀನಿನ್ನು ಹೋಗಪ್ಪ," ಎಂದು ಭಾವ ಗೋಡೆಯತ್ತ ಮುಖ ತಿರುಗಿಸಿದರು.

ಅಲ್ಲಿಂದ ಟರ್ನರ್ ನೇರ ಶೆಡ್ಡಿಗೆ ಹೋದ. ನೆಲ ತೊಳೆದ. ಹಳೆಯ ಕೊಕ್ಕೆ ಬಿಚ್ಚಿ ಹೊಸದನ್ನು ಅರದಿಂದ ಉಜ್ಜಿ ಕೂರಿಸಿದ. ನಲವತ್ತು ನಿಮಿಷದ ಕೆಲಸ. ಮುಗಿದ ಮೇಲೆ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಕಾರ್ಖಾನೆ ಮುಚ್ಚಿದ ದಿನವೂ ಅಳದವನು ಬಿಕ್ಕಿ ಬಿಕ್ಕಿ ಅತ್ತ.

ಭಾವನ ದವಾಖಾನೆಯನ್ನು ಬೇರೊಬ್ಬ ಡಾಕ್ಟರಮ್ಮ ತೆಗೆದುಕೊಂಡರು. ಅಕ್ಕ ಫೋನು ಎತ್ತುವುದನ್ನು ಬಿಟ್ಟಳು. ಟರ್ನರ್ ವಾರಕ್ಕೊಮ್ಮೆ ಹೋಗಿ ಗೇಟಿನ ಬಳಿ ನಿಲ್ಲುತ್ತಿದ್ದ. ಪರದೆ ಸರಿಯುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ. ಐದನೆಯ ವಾರ ಭಾವನೇ ಹೊರಬಂದರು. ಎಡಗೈಯಿಂದ ಚಿಲಕದ ಜೊತೆ ಹೆಣಗಾಡಿ ಗೇಟನ್ನು ಗೇಣಗಲ ತೆರೆದರು.

"ಬರ್ಬೇಡ ಕಣೋ. ನಿನ್ನ ಮುಖ ನೋಡಿದ್ರೆ ಅವಳಿಗೆ ಆಗಲ್ಲ. ನನಗೂ ಆಗಲ್ಲ."

ಟರ್ನರ್ ತಲೆಯಾಡಿಸಿದ. ಭಾವನಿಗೆ ತೊಂದರೆಯಾಗದಿರಲಿ ಎಂದು ಗೇಟನ್ನು ತಾನೇ ಎಳೆದು ಮುಚ್ಚಿ, ಬಸ್ಸು ನಿಲ್ಲುವ ಕಡೆಗೆ ನಡೆದ.