ಏಳು ತಲೆಮಾರಿನ ಪ್ರಸಾದ

"ಇನ್ನು ಇವಕ್ಕೆಲ್ಲ ಯಾರು ಗತಿ?"

ಪೂವಮ್ಮ ಕೇಳಿದ್ದು ಯಾರನ್ನೂ ಅಲ್ಲ. ಉಗ್ರಾಣದಲ್ಲಿ ಆಗ ಅವಳಲ್ಲದೆ ಇದ್ದದ್ದು ಸಾಲಾಗಿ ಕುಳಿತ ಏಳು ಭರಣಿಗಳು, ಮತ್ತು ಗವಾಕ್ಷಿಯಿಂದ ಓರೆಯಾಗಿ ಇಳಿದ ಒಂದು ಕೋಲು ಬಿಸಿಲು... ಹೊರಗೆ ಭಾಗಮಂಡಲದ ಬೆಟ್ಟಗಳು ನಾಲ್ಕು ತಿಂಗಳ ಮೇಘಸ್ನಾನವನ್ನು ಮುಗಿಸಿ, ಒದ್ದೆಗೂದಲನ್ನು ಬೆನ್ನಿಗೆ ಹರಡಿಕೊಂಡ ಹೆಂಗಸರಂತೆ ತುಲಾಮಾಸದ ಎಳೆಬಿಸಿಲಿಗೆ ಮೈಯೊಡ್ಡಿದ್ದವು. ಗದ್ದೆಯ ಹಸುರು ಹೊನ್ನಾಗಲೋ ಬೇಡವೋ ಎಂದು ಅನುಮಾನಿಸುತ್ತಿತ್ತು. ಇಬ್ಬನಿಯ ಒಂದೊಂದು ಬಿಂದುವಿನಲ್ಲೂ ಒಂದೊಂದು ಕಿರುಸೂರ್ಯನು ಉದಯಿಸಿ, ಗಾಳಿ ಬೀಸಿದೊಡನೆ ಅಸ್ತಮಿಸುತ್ತಿದ್ದನು. ಆಹಾ, ಋತುವಿಗೆ ಎಷ್ಟು ಸುಲಭ! ಮಳೆಗಾಲ ಬಿಟ್ಟಿತೆಂದರೆ ಬಿಟ್ಟಿತು. ಮನುಷ್ಯರು ಬಿಡುವ ಬಗೆ ಹಾಗಲ್ಲ, ಸಹೃದಯರೇ... ಅದು ಹೋದಂತೆ ಮಾಡಿ, ಅಂಗಳದಲ್ಲಿ ಕಾಳು ಹರಡಿದ ದಿನವೇ ತಿರುಗಿ ಬಂದು ಸುರಿಯುವ ಮುಗಿಲಿನಂಥದು.

ಭರಣಿಗಳಲ್ಲಿದ್ದದ್ದು ನೆಲ್ಲಿಕಾಯಿ ವೈನು. ಆ ಮನೆತನದಲ್ಲಿ ವರ್ಷಕ್ಕೊಮ್ಮೆ, ತುಲಾ ಸಂಕ್ರಮಣ ಕಳೆದ ಭಾನುವಾರ, ಗತಿಸಿದ ಏಳು ತಲೆಮಾರಿನ ಹಿರಿಯರಿಗೆ ಎಡೆ ಇಡುತ್ತಾರೆ: ಅನ್ನ, ಕೋಳಿಸಾರು, ಜೊತೆಗೊಂದು ಬಟ್ಟಲು ವೈನು. ಎಡೆ ಮುಗಿದ ಮೇಲೆ ಆ ವೈನೇ ಎಲ್ಲರಿಗೂ ಪ್ರಸಾದ. ಏಳನ್ನೂ ರುಚಿ ನೋಡಿ, ಹಿರಿಯರಿಗೆ ಯೋಗ್ಯವಾದ ಭರಣಿಯನ್ನು ಆರಿಸುವ ಅಧಿಕಾರ ಹಿರಿಸೊಸೆಗೆ ಮಾತ್ರ. ಇಪ್ಪತ್ತೆರಡು ವರ್ಷ ಪೂವಮ್ಮ ಆ ಅಧಿಕಾರವನ್ನು ಚಲಾಯಿಸಿದ್ದಳು. ಅದರಲ್ಲಿ ಹತ್ತು ವರ್ಷ, ಎಡೆಯ ದಿನಕ್ಕೆ ಕಾಯದೆ, ಪ್ರತಿದಿನವೂ!

ಈಗ ಎರಡು ವರ್ಷದಿಂದ ಗುರುವಾರ ಬಂತೆಂದರೆ ಎರಡು ಬಸ್ಸು ಬದಲಿಸಿ ಸುಂಟಿಕೊಪ್ಪಕ್ಕೆ ಹೋಗುತ್ತಾಳೆ. ಅಲ್ಲಿ ಬಟ್ಟೆಯಂಗಡಿಯ ಮೇಲಿನ ಕೋಣೆಯಲ್ಲಿ ಕುಡಿತ ಬಿಡಹೊರಟ ಹೆಂಗಸರು ಸೇರುತ್ತಾರೆ. ಹೋದ ವರ್ಷ ಎಡೆ ಕಳೆದ ಗುರುವಾರ ಅವಳು ತಲೆತಗ್ಗಿಸಿ ಹೇಳಿಕೊಂಡಿದ್ದಳು:

"ಪ್ರಸಾದಕ್ಕೆ ದೋಷ ಇಲ್ಲ ಅಂತ ತಿಳ್ಕೊಂಡೆ. ಹಿರಿಯರು ಏಳು ತಲೆಮಾರು. ಒಬ್ಬರ ಹೆಸರಲ್ಲಿ ತಕೊಂಡು ಇನ್ನೊಬ್ಬರನ್ನು ಬಿಟ್ರೆ ಮುನಿಸ್ಕೊಳ್ತಾರಲ್ಲ... ಏಳು ಲೋಟ ಆಯ್ತು."

ಎಸ್ಟೇಟಿನ ಕೂಲಿಯವರ ಲೈನುಮನೆಯಿಂದ ಬರುವ ಚಲುವಮ್ಮ ನಿಟ್ಟುಸಿರಿಟ್ಟಳು.

"ನಮ್ ಮನೇಲಿ ಗೊತ್ತಿರೋದೇ ಎರಡು ತಲೆಮಾರು ಅಕ್ಕಾ. ದೊಡ್ ಮನೆತನದವ್ರಿಗೆ ಕಷ್ಟಾನೂ ದೊಡ್ದು ಬಿಡಿ!"

ನಗೆಯ ಅಲೆಯೊಂದು ಗೋಡೆಯಿಂದ ಗೋಡೆಗೆ ಬಡಿಯಿತು. ಪೂವಮ್ಮನೂ ನಕ್ಕಳು, ಕಣ್ಣೊರಸಿಕೊಂಡೇ ನಕ್ಕಳು. ಚಲುವಮ್ಮ ಅವಳ ಕೈ ಹಿಡಿದು ಮೆಲ್ಲಗೆ ಹೇಳಿದಳು: "ನಾಳೆಯಿಂದ ಇನ್ನೊಂದ್ಸಲ ಮೊದಲ್ನೇ ದಿನ ಮಾಡಿ. ದೇವ್ರು ದಿನಾ ಬೆಳಗು ಮಾಡ್ತಾನೆ, ಬೇಜಾರ್ ಮಾಡ್ಕೊಂಡಿದಾನಾ?"

ಮೇ ತಿಂಗಳ ಒಂದು ಮದುವೆಯಲ್ಲಿ ಮತ್ತೆ ಎಡವಿದಳು. ಮತ್ತೆ ಮೊದಲನೇ ದಿನ. ಅಲ್ಲಿಂದ ಈಚೆಗೆ ಐದು ತಿಂಗಳು, ಕೈಯಡ್ಡ ಹಿಡಿದು ಗಾಳಿಯಲ್ಲಿ ಒಯ್ದ ದೀಪದಂತೆ, ಆರದೆ ಬಂದಿತ್ತು. ಇಂದು ಎಡೆಯ ಭಾನುವಾರ. ನಾಲಗೆಗೆ ಒಂದು ಹನಿ ತಾಗಿದರೆ...

ಬಾಗಿಲಲ್ಲಿ ನೆರಳು ಬಿತ್ತು. ಗಂಡ ಕುಶಾಲಪ್ಪ, ಕೈಯಲ್ಲೊಂದು ಚಮಚ. ಆಯುಷ್ಯದಲ್ಲಿ ಮದ್ಯ ಮುಟ್ಟದವನು. ಗುರುವಾರದ ಸಂಜೆಗಳಲ್ಲಿ, ಮಳೆಯಿರಲಿ ಇಲ್ಲದಿರಲಿ, ಕೊಡೆ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುವವನು. ಏನಾಯಿತೆಂದು ಒಮ್ಮೆಯೂ ಕೇಳದವನು!

"ನೀನು ಹೊಸ್ತಿಲಾಚೆ ಕೂರು. ರುಚಿ ನಾನು ನೋಡ್ತೇನೆ."

"ನಿಮಗೆ ಎಂತ ಗೊತ್ತುಂಟು ಅದ್ರದ್ದು?"

"ಏನೂ ಇಲ್ಲ. ನೀನು ಹೇಳಿಕೊಡು."

ಮೊದಲ ಭರಣಿಗೆ ಅವನ ಮುಖ ಹಿಂಡಿದ ನಿಂಬೆಯಾಯಿತು. "ಕಷಾಯದ ಹಾಗೆ ಉಂಟು!"

"ಹಾಗಾದ್ರೆ ಚೆನ್ನಾಗಿ ಬಂದಿದೆ. ಮುಂದಿನದ್ದು ನೋಡಿ."

"ಇದಕ್ಕೋಸ್ಕರವಾ ಮಾರಾಯ್ತಿ, ಹತ್ತು ವರ್ಷ?"

ಐದನೆಯ ಭರಣಿಯ ಹೊತ್ತಿಗೆ ಅವನ ಕಿವಿಗಳು ಸಂಧ್ಯೆಯಂತೆ ಕೆಂಪೇರಿದವು. ಏಳನೆಯದರ ಮುಂದೆ ನಿಂತು, ಅದನ್ನೇ ಮುತ್ತಜ್ಜನೆಂದು ಬಗೆದು, ಬಾಗಿ ನಮಸ್ಕರಿಸಿದ. ಪೂವಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಹತ್ತು ವರ್ಷ ಒಬ್ಬಳೇ ಕುಳಿತು ಕುಡಿದು, ಒಬ್ಬಳೇ ಅತ್ತ ಉಗ್ರಾಣ ಅದು... ಅವಳ ನಗೆಯನ್ನು ಅದು ಕೇಳಿದ್ದು ಅಂದೇ ಮೊದಲು!

ಮಧ್ಯಾಹ್ನ ಹಿರಿಯರ ಗುಡಿಯಲ್ಲಿ ದೀಪಗಳು ಬೆಳಗಿದವು, ಎಡೆಯೂ ಆಯಿತು. ಮನೆತನದ ಯಜಮಾನ, ಕುಶಾಲಪ್ಪನ ದೊಡ್ಡಪ್ಪ ದೇರಪ್ಪ, ಬಟ್ಟಲು ಹಿಡಿದು ಒಬ್ಬೊಬ್ಬರಿಗೂ ಹಂಚುತ್ತ ಬಂದು ಹಿರಿಸೊಸೆಯ ಮುಂದೆ ನಿಂತರು.

"ತಕೊ ಪೂವಮ್ಮ. ಹಿರಿಯರ ಪ್ರಸಾದ ಬೇಡ ಅನ್ನಬಾರದು. ಒಂದೇ ಒಂದು ತೊಟ್ಟು."

ಬಟ್ಟಲಲ್ಲಿ ದೀಪದ ಬಿಂಬ ನಡುಗುತ್ತಿತ್ತು. ಕುಟುಂಬವೆಲ್ಲ ನೋಡುತ್ತಿತ್ತು. ಭಕ್ತಿಯೆಂದರೆ ಕೊಟ್ಟದ್ದನ್ನೆಲ್ಲ ಕಣ್ಣಿಗೊತ್ತಿಕೊಳ್ಳುವುದೆಂದು ನಾವು ತಿಳಿದಿರುತ್ತೇವೆ. ಆದರೆ ಎಷ್ಟೋ ಸಲ ಬಿದ್ದು, ಎದ್ದು, ತನ್ನ ಬೀಳುವಿಕೆಗೇ ನಗಲು ಕಲಿತ ಜೀವಕ್ಕೆ ಇನ್ನೊಂದು ಭಕ್ತಿಯೂ ಲಭಿಸುತ್ತದೇನೋ... ತನ್ನನ್ನು ಪ್ರೀತಿಸುವವರು, ಸತ್ತವರಾಗಲಿ ಬದುಕಿರುವವರಾಗಲಿ, ಮುನಿಯಲಾರರೆಂಬ ವಿಶ್ವಾಸ! ತುಸು ತೂಗಾಡುತ್ತ ಪಕ್ಕದಲ್ಲಿ ನಿಂತ ಗಂಡನನ್ನೊಮ್ಮೆ ನೋಡಿ, ಪೂವಮ್ಮ ಎರಡೂ ಕೈ ಜೋಡಿಸಿದಳು.

"ಇಲ್ಲ ಮಾವ. ಹೋದ ವರ್ಷ ಏಳೂ ತಲೆಮಾರಿನವರ ಹತ್ತಿರ ಮಾತಾಡಿ ಆಗಿದೆ. ನಂಗೆ ಬೇಡ."