ಅಚ್ಚಿನಲ್ಲಿ ಬಿಟ್ಟುಹೋದ ಸಾಲು

"ಒಂದು ಮಾತೂ ಕೇಳದೆ ಕಳಿಸಿಬಿಡೋದಾ?"

ನನ್ನ ಹೆಂಡತಿ ಇದನ್ನು ಯಾರನ್ನೂ ಕೇಳಲಿಲ್ಲ. ಒಲೆಯ ಮೇಲೆ ಮರಳುತ್ತಿದ್ದ ನೀರಿನ ಕಡೆ ಮುಖ ಮಾಡಿ ಕೇಳಿ, ಉರಿ ಸಣ್ಣ ಮಾಡಿದಳು. ಮೇಜಿನ ಮೇಲೆ ವಲಸೆ ಇಲಾಖೆಯ ಪತ್ರವಿತ್ತು. ಸೊಸೆ ಅದನ್ನು ಮಡಿಸುವುದು, ಬಿಡಿಸುವುದು ಮಾಡುತ್ತಿದ್ದಳು. ಅವಳ ವಾಸದ ಪರವಾನಗಿ ಮುಗಿದಿದೆಯಂತೆ, ಕೂಡಲೇ ದೇಶ ಬಿಡಬೇಕಂತೆ. ನವೀಕರಣದ ಅರ್ಜಿಯನ್ನು ಅವಳು ಎರಡು ತಿಂಗಳು ಮುಂಚೆಯೇ ಕೊಟ್ಟಿದ್ದಳು, ರಸೀದಿಯೂ ಇತ್ತು. ಅರ್ಜಿ ತಲುಪಿಯೇ ಇಲ್ಲ ಎಂದು ಇಲಾಖೆ ಹೇಳುತ್ತಿತ್ತು.

ನಮ್ಮದು ಪುಟ್ಟ ದೇಶ, ಸೊಸೆ ಗಡಿಯಾಚೆಯವಳು. ಎಂಟು ವರ್ಷದ ಹಿಂದೆ ಇಲ್ಲಿಗೆ ಬಂದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಹಿಡಿದಳು. ಕನ್ನಡಕದ ಕಿವಿಕಡ್ಡಿ ಮುರಿದುಕೊಂಡು ಅಲ್ಲಿಗೆ ಹೋದ ನನ್ನ ಮಗ, ಆಮೇಲೆ ಮುರಿಯದಿದ್ದಾಗಲೂ ಹೋಗತೊಡಗಿದ. ಈಗ ಅವನು ಗೂಡ್ಸ್ ರೈಲಿನ ಚಾಲಕ. ಆ ಮಂಗಳವಾರ ಊರಲ್ಲಿರಲಿಲ್ಲ, ಬರುವುದು ಬುಧವಾರ ರಾತ್ರಿಗೆ.

ವಕೀಲೆಗೆ ಫೋನ್ ಮಾಡಿದೆವು. ಅವರು ಸಂಜೆಯೊಳಗೆ ತಕರಾರು ಹಾಕಿ ತಿರುಗಿ ಫೋನ್ ಮಾಡಿದರು. "ಗುರುವಾರ ಹನ್ನೊಂದಕ್ಕೆ ನ್ಯಾಯಾಧೀಶರು ಕೇಳ್ತಾರೆ. ಅಲ್ಲೀತನಕ ಅವಳು ಹೊಸಿಲು ದಾಟೋದು ಬೇಡ. ಇಲಾಖೆಯವರು ಅದಕ್ಕೆ ಮುಂಚೇನೇ ಬಂದರೂ ಬಂದಾರು. ನ್ಯಾಯಾಧೀಶರ ಸಹಿ ಇರೋ ಆಜ್ಞೆ ತಂದರೆ ಮಾತ್ರ ಬಾಗಿಲು ತೆಗೀರಿ. ಬೇರೆ ಯಾರ ಸಹಿಗೂ ತೆಗೆಯಬೇಕಾಗಿಲ್ಲ."

ಅಷ್ಟರೊಳಗೆ ಅವಳನ್ನು ಕರೆದೊಯ್ದು ಗಡಿ ದಾಟಿಸಿಬಿಟ್ಟರೆ, ಗುರುವಾರ ಕೋರ್ಟಿನಲ್ಲಿ ಕೂಗುವ ಹೆಸರಿಗೆ ಓಗೊಡುವವರೇ ಇರುವುದಿಲ್ಲ.

"ಸಂವಿಧಾನದ ಹದಿನೇಳನೇ ವಿಧಿ," ಎಂದಳು ನನ್ನ ಹೆಂಡತಿ, ಒಲೆಯ ಮುಂದೆಯೇ ನಿಂತು. "ನಮಗೆ ಹೇಳಿಕೊಡ್ತಾರೆ!"

ಹಾಗೆ ಹೇಳುವ ಹಕ್ಕು ಅವಳಿಗಿತ್ತು. ನಾವಿಬ್ಬರೂ ಸರ್ಕಾರಿ ಅಚ್ಚುಕೂಟದಲ್ಲಿ ಕೆಲಸ ಮಾಡಿದವರು. ಪ್ರೂಫ್ ನೋಡುವುದು ಅಲ್ಲಿ ಇಬ್ಬರ ಕೆಲಸ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನ ಮೇಲೆ ಕಣ್ಣಿಟ್ಟು ತಿದ್ದಬೇಕು. ಓದುವವರು ಕಾಮಾ, ಫುಲ್‌ಸ್ಟಾಪ್ ಒಂದನ್ನೂ ಬಿಡದೆ ಬಾಯಲ್ಲಿ ಹೇಳಬೇಕು. ಅವಳು ಓದುತ್ತಿದ್ದಳು, ನಾನು ನೋಡುತ್ತಿದ್ದೆ. ಮೂವತ್ತೊಂದು ವರ್ಷ. ಆ ಚಾಳಿ ಅವಳಿಗೆ ಇವತ್ತಿಗೂ ಬಿಟ್ಟಿಲ್ಲ. ದೀಪ ಹಚ್ಚಿ ಕೈಮುಗಿದು, "ದೇವರೇ, ಕಾಮಾ, ಎಲ್ಲರನ್ನೂ ಚೆನ್ನಾಗಿಟ್ಟಿರು, ಫುಲ್‌ಸ್ಟಾಪ್," ಎನ್ನುತ್ತಾಳೆ. ಅವಳ ಪಕ್ಕದಲ್ಲಿ ನಿಂತು ಕೇಳುವುದೇ ನನ್ನ ಪ್ರಾರ್ಥನೆ.

ಸಂವಿಧಾನದ ದೊಡ್ಡಕ್ಷರದ ಪ್ರತಿ ಅಚ್ಚಾದ ವರ್ಷ ನಾವು ಅದನ್ನು ಹನ್ನೊಂದು ಸಲ ಓದಿದ್ದೆವು. ಅವಳಿಗೆ ಪೂರಾ ಬಾಯಿಪಾಠ ಬಂತು. ನನ್ನಿಂದ ಒಂದು ತಪ್ಪಾಯಿತು.

ನಮ್ಮಪ್ಪ ಬೆಳಗಿನ ಜಾವ ಪದ್ಯ ಹೇಳಿಕೊಳ್ಳುತ್ತಿದ್ದರು. ನಾನು ಹೊದಿಕೆಯೊಳಗೇ ಕೇಳುತ್ತಾ ಮಲಗಿರುತ್ತಿದ್ದೆ. ಒಳ್ಳೆಯ ದನಿ ಕಿವಿಗೆ ಬಿದ್ದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವ ಅಭ್ಯಾಸ ಆಗ ಅಂಟಿದ್ದು. ಪ್ರೂಫ್ ನೋಡುವವನಿಗೆ ಇದಕ್ಕಿಂತ ಕೆಟ್ಟ ಅಭ್ಯಾಸವಿಲ್ಲ. ಅವಳು ಹದಿನೇಳನೆಯ ವಿಧಿಯನ್ನು ಓದುತ್ತಿದ್ದಳು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ನಾನು ಪ್ರೂಫ್ ಮುಂದಿಟ್ಟುಕೊಂಡು ಕಣ್ಣು ಮುಚ್ಚಿ ಅವಳ ದನಿಯನ್ನು ಕೇಳಿದೆ. ಅಚ್ಚಿನ ಮೊಳೆ ಜೋಡಿಸಿದವರು ಒಂದು ಇಡೀ ಸಾಲನ್ನೇ ಬಿಟ್ಟಿದ್ದರು. ಕಿವಿಗೆ ಸಾಲು ಬಂದಿತ್ತು, ಕಾಗದದಲ್ಲಿ ಇರಲಿಲ್ಲ. 'ನ್ಯಾಯಾಧೀಶರ ಲಿಖಿತ ಆಜ್ಞೆಯಿಲ್ಲದೆ' ಎಂಬ ಸಾಲು.

ನಾಲ್ಕು ಸಾವಿರ ಹಾಳೆ ರದ್ದಿಗೆ ಹೋದವು. ಮೇಲ್ವಿಚಾರಕರು ಇಬ್ಬರನ್ನೂ ಕರೆಸಿ ತರಾಟೆಗೆ ತೆಗೆದುಕೊಂಡರು. ನಾನು ಬಾಯಿ ಬಿಡುವ ಮುಂಚೆಯೇ ಅವಳು, "ನಾನೇ ಓದುವಾಗ ಹಾರಿಸಿರಬೇಕು ಸಾರ್," ಎಂದಳು. ಹೊರಗೆ ಬಂದ ಮೇಲೆ ನನ್ನನ್ನು ಕೇಳಿದಳು: "ನೀವು ನೋಡ್ತಾ ಇದ್ರೋ, ಕೇಳ್ತಾ ಇದ್ರೋ?"

"ಕೇಳ್ತಾ ಇದ್ದೆ," ಎಂದೆ.

ಅವಳ ಕಿವಿ ಕೆಂಪಾಯಿತು. ಆರು ತಿಂಗಳಲ್ಲಿ ಮದುವೆಯಾದೆವು.

ಬುಧವಾರ ಬೆಳಿಗ್ಗೆ ಸೊಸೆ ಕೈಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

"ಏನೇ ಅದು?" ಎಂದಳು ನನ್ನ ಹೆಂಡತಿ.

"ನಾನೇ ಹೋಗಿ ಇಲಾಖೆಯವರಿಗೆ ನನ್ನನ್ನ ಒಪ್ಪಿಸಿಬಿಡ್ತೀನಿ ಅತ್ತೆ. ಈ ವಯಸ್ಸಲ್ಲಿ ನಿಮಗ್ಯಾಕೆ ಈ ರಗಳೆ?"

"ಯಾವ ವಯಸ್ಸು? ನನ್ನ ವಯಸ್ಸಿಗೆ ಏನಾಗಿದೆ? ಚೀಲ ಕೆಳಗಿಡು. ನಿನ್ನ ಗಂಡ ಬಂದು ಹೆಂಡತಿ ಎಲ್ಲಿ ಅಂತ ಕೇಳಿದರೆ, ಅಟ್ಟದ ಮೇಲಿದೆ ತಗೋ ಅಂತ ಹೇಳಲಾ?"

ಸೊಸೆಗೆ ಅಳುವಿನ ನಡುವೆ ನಗು ಬಂತು. ಆದರೂ ಚೀಲ ಕೆಳಗಿಡಲಿಲ್ಲ, ನನ್ನ ಕಡೆ ತಿರುಗಿದಳು. ಅತ್ತೆಯ ಹತ್ತಿರ ನಡೆಯದ್ದು ಮಾವನ ಹತ್ತಿರ ನಡೆಯುತ್ತದೆಂದು ಅವಳಿಗೆ ಗೊತ್ತು. ನನ್ನ ಬಾಯಲ್ಲಿ 'ಇಲ್ಲ' ಎಂಬ ಮಾತು ಹೊರಡುವುದಿಲ್ಲ. ಬಾಗಿಲಿಗೆ ಬಂದವರಿಗೆ ಬೇಡವೆನ್ನಲಾಗದೆ ಕೊಂಡ ಐದು ಛತ್ರಿಗಳು ನಮ್ಮ ಮನೆಯಲ್ಲಿವೆ.

"ಅವರ ಮುಖ ಯಾಕೆ ನೋಡ್ತೀಯ?" ಎಂದಳು ನನ್ನ ಹೆಂಡತಿ. "ಆರನೇ ಛತ್ರಿ ಬೇಕಾದರೆ ಅವರನ್ನ ಕೇಳು. ಇದು ನನ್ನ ಖಾತೆ."

ಮಧ್ಯಾಹ್ನ ಮೂರರ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಸೊಸೆ ಒಳಕೋಣೆಗೆ ಹೋದಳು. ನನ್ನ ಹೆಂಡತಿ ಸರಪಳಿ ಹಾಕಿಕೊಂಡೇ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದಳು. ಹೊರಗೆ ಇಲಾಖೆಯ ಅಧಿಕಾರಿಗಳಿಬ್ಬರು. ಹಿರಿಯರಿಗೆ ಮೆಟ್ಟಿಲು ಹತ್ತಿ ಏದುಸಿರು ಬಂದಿತ್ತು.

"ಅಮ್ಮ, ನಿಮ್ಮ ಸೊಸೇನ ಕರ್ಕೊಂಡು ಹೋಗೋಕೆ ಆದೇಶ ಇದೆ. ಬಾಗಿಲು ತೆಗೀರಿ."

"ಕೊಡಿ ನೋಡೋಣ."

ಸಂದಿಯಿಂದ ಕಾಗದ ಒಳಗೆ ಬಂತು. ಅವಳು ಸೊಸೆಯೇ ಗಾಜು ಉಜ್ಜಿ ಕೊಟ್ಟ ಕನ್ನಡಕ ಹಾಕಿಕೊಂಡಳು. "ರೀ, ಬನ್ನಿ ಇಲ್ಲಿ. ಕಣ್ಣು ತೆರೆದುಕೊಂಡು ಬನ್ನಿ."

ನಾನು ಅವಳ ಭುಜದ ಹಿಂದೆ ನಿಂತೆ. ಅವಳು ಗಟ್ಟಿಯಾಗಿ ಓದತೊಡಗಿದಳು. "ಈ ಮೂಲಕ ಆದೇಶಿಸುವುದೇನೆಂದರೆ, ಕಾಮಾ, ಮೇಲ್ಕಂಡ ವಿದೇಶೀಯಳನ್ನು, ಕಾಮಾ..." ಮೆಟ್ಟಿಲ ಮೇಲೆ ನೆರೆಯವರ ಚಪ್ಪಲಿಯ ಸದ್ದು ಕೇಳಿಸಿತು. ಕಿರಿಯ ಅಧಿಕಾರಿ ನಗು ತಡೆಯಲು ಕೆಮ್ಮಿದ. ನಾನು ಅವಳ ಬೆರಳಿನ ಹಿಂದೆ ಒಂದೊಂದೇ ಅಕ್ಷರ ನೋಡಿಕೊಂಡು ಬಂದೆ.

"ಸಹಿ, ಸಹಾಯಕ ಅಧಿಕಾರಿ, ವಲಸೆ ಇಲಾಖೆ," ಎಂದು ಅವಳು ನಿಲ್ಲಿಸಿದಳು. "ನ್ಯಾಯಾಧೀಶರು ಎಲ್ಲಿ?"

"ಇಲಾಖೆ ಸಹಿ ಇದೆಯಲ್ಲಮ್ಮ, ಸಾಕು."

"ಕೇಳೋರೂ ನೀವೇ, ಅಪ್ಪಣೆ ಕೊಡೋರೂ ನೀವೇನಾ?" ಎಂದವಳು ಕನ್ನಡಕ ತೆಗೆದು, ಸಂಜೆ ದೀಪದ ಮುಂದೆ ನಿಲ್ಲುವ ಹಾಗೆ ನಿಂತು ಹೇಳಿದಳು: "ಯಾವ ವ್ಯಕ್ತಿಯ ಮನೆಯನ್ನೇ ಆಗಲಿ, ಕಾಮಾ, ನ್ಯಾಯಾಧೀಶರ ಲಿಖಿತ ಆಜ್ಞೆಯಿಲ್ಲದೆ, ಕಾಮಾ, ಸರ್ಕಾರದ ಯಾವ ಅಧಿಕಾರಿಯೂ ಪ್ರವೇಶಿಸತಕ್ಕದ್ದಲ್ಲ, ಫುಲ್‌ಸ್ಟಾಪ್. ರೀ, ಸಾಲು ಬಿಟ್ಟೆನಾ?"

"ಬಿಡಲಿಲ್ಲ," ಎಂದೆ. ಮೂವತ್ತೊಂದು ವರ್ಷ ನಾನು ಆ ದನಿಗೆ ಕಣ್ಣು ಮುಚ್ಚಿದವನು. ಅವತ್ತು ತೆರೆದೇ ಇದ್ದೆ.

ಹಿರಿಯ ಅಧಿಕಾರಿ ಹಣೆಯ ಬೆವರು ಒರೆಸಿಕೊಂಡರು. "ಅದು ಇಲ್ಲಿಯವರಿಗಮ್ಮ. ಅವರು ಹೊರಗಿನವರು."

"ಯಾವ ವ್ಯಕ್ತಿ ಅಂತಿದೆ. ಹನ್ನೊಂದು ಸಲ ಓದಿದ್ದೀನಿ. ಕುಡಿಯೋಕೆ ನೀರು ಬೇಕಾ ನಿಮಗೆ? ಕೊಡ್ತೀನಿ. ಇಲ್ಲಿಂದಲೇ."

ಅವಳು ನೀರು ತರಲು ಅಡುಗೆಮನೆಗೆ ಹೋದಳು. ಬಾಗಿಲಲ್ಲಿ ನಾನೊಬ್ಬನೇ ಉಳಿದೆ. ಹಿರಿಯರು ದನಿ ತಗ್ಗಿಸಿದರು. "ಯಜಮಾನ್ರೇ, ನೀವು ತಿಳಿದವರ ಹಾಗೆ ಕಾಣ್ತೀರಿ. ನಾನೂ ಮೇಲಿನವರಿಗೆ ಉತ್ತರ ಹೇಳಬೇಕು. ಆ ಸರಪಳಿ ತೆಗೀರಿ, ಐದು ನಿಮಿಷದ ಕೆಲಸ."

ಅವರ ಕಾಲು ನೋಯುತ್ತಿರುವುದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಹಿಂದೆ ಸೊಸೆಯ ಹೆಜ್ಜೆ ಕೇಳಿಸಿತು. ಕೈಯಲ್ಲಿ ಅದೇ ಚೀಲ.

"ಮಾವ, ನೆರೆಹೊರೆಯೆಲ್ಲ ಸೇರಿಬಿಟ್ಟಿದೆ. ನನ್ನಿಂದ ನಿಮಗೆ ಈ ಅವಮಾನ ಬೇಡ. ಬಾಗಿಲು ತೆಗೆದುಬಿಡಿ," ಎಂದಳು. "ನಾನು ಕೇಳಿದ್ದಕ್ಕೆ ನೀವು ಯಾವತ್ತಾದರೂ ಇಲ್ಲ ಅಂದಿದ್ದೀರಾ?"

ನಾನು ಅವಳ ಕೈಯಿಂದ ಚೀಲ ಇಸಿದುಕೊಂಡು ಛತ್ರಿಗಳ ಪಕ್ಕದಲ್ಲಿಟ್ಟೆ.

"ಇಲ್ಲಮ್ಮ," ಎಂದೆ. "ತೆಗೆಯೋದಿಲ್ಲ."